ಕಪ್ಪುರಂಧ್ರದ ಬಾಯಿಗೆ ಅನಿಲ ತಲುಪುವ ಬಗೆ

ಕಪ್ಪುರಂಧ್ರವೆಂದರೆ ಸುತ್ತಲಿನದನ್ನೆಲ್ಲ ಸೆಳೆದು ನುಂಗುವ ಸುಳಿ ಎಂಬ ಕಲ್ಪನೆ ಜನಜನಿತವಾಗಿದೆ. ವಾಸ್ತವದಲ್ಲಿ ಅದಕ್ಕೆ ಆಹಾರ ತಲುಪುವುದೇ ದುಸ್ತರ. ಭೂಮಿಯು ಸೂರ್ಯನೊಳಗೆ ಬೀಳದೆ ಅದನ್ನು ಸುತ್ತುತ್ತಲೇ ಇರುವಂತೆ, ಗೆಲಾಕ್ಸಿಯ ಅನಿಲವೂ ಕೇಂದ್ರವನ್ನು ಸುತ್ತುತ್ತಿರುತ್ತದೆ. ಒಳಗೆ ಬೀಳಬೇಕಾದರೆ ಅದು ತನ್ನ ಕೋನೀಯ ಸಂವೇಗದಲ್ಲಿ, ಅಂದರೆ ಸುತ್ತುವಿಕೆಯ ಬಂಡವಾಳದಲ್ಲಿ, ಶೇಕಡಾ 99ಕ್ಕೂ ಮಿಗಿಲಾದ ಪಾಲನ್ನು ಬೇರಾವುದಕ್ಕಾದರೂ ಒಪ್ಪಿಸಬೇಕು. ಆದರೂ ಸಕ್ರಿಯ ಗೆಲಾಕ್ಸಿಗಳ ಕೇಂದ್ರಗಳು ಪ್ರಜ್ವಲಿಸುತ್ತಿವೆ. ಅನಿಲ ಹೇಗೋ ಅಲ್ಲಿಗೆ ಹೋಗುತ್ತಿದೆ.

ದೂರದ ಹಾದಿಯ ವಿವರಣೆ ಅಷ್ಟೇನೂ ಕಷ್ಟವಲ್ಲ. ಅನೇಕ ಸುರುಳಿ ಗೆಲಾಕ್ಸಿಗಳ ನಡುವೆ ನಕ್ಷತ್ರಗಳದೇ ಒಂದು ಉದ್ದನೆಯ ದಂಡವಿರುತ್ತದೆ. ಅದರ ಅಸಮ ಗುರುತ್ವವು ಅನಿಲದ ಸಂವೇಗವನ್ನು ಕಸಿದು ಒಳಕ್ಕೆ ದೂಡುತ್ತದೆ. ಸುಮಾರು 4.5 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 1097 ಇದಕ್ಕೆ ನಿದರ್ಶನ. ಆದರೆ ಅಲ್ಲಿ ದಂಡ ತಂದ ಅನಿಲದ ಬಹುಭಾಗ ಕೇಂದ್ರವನ್ನು ಮುಟ್ಟುವ ಮೊದಲೇ, ಸುಮಾರು 5,000 ಜ್ಯೋತಿರ್ವರ್ಷ ವ್ಯಾಸದ ಉಂಗುರವಾಗಿ ತಂಗಿ, ಹೊಸ ನಕ್ಷತ್ರಗಳ ಹುಟ್ಟಿಗೆ ವೆಚ್ಚವಾಗುತ್ತಿದೆ. ಉಂಗುರದ ಒಳಗೆ ಧೂಳಿನ ಕಿರುಸುರುಳಿಗಳಿವೆ. ಅವುಗಳ ಗುಂಟ ಅನಿಲ ಒಳಸರಿಯುತ್ತಿರುವುದನ್ನು ವೇಗದ ಅಳತೆಗಳು ತೋರಿಸಿವೆ.

ಕೊನೆಯ ಕೆಲವೇ ಜ್ಯೋತಿರ್ವರ್ಷಗಳ ಹಾದಿ ಮಾತ್ರ ಬಹುಕಾಲ ನಿಗೂಢವಾಗಿಯೇ ಉಳಿದಿತ್ತು. ಜಪಾನಿನ ತಕುಮಾ ಇಝುಮಿ ಮತ್ತು ಸಂಗಡಿಗರು ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕಗಳಿಂದ ಸರ್ಸಿನಸ್ ಗೆಲಾಕ್ಸಿಯ ಕೇಂದ್ರವನ್ನು ಪರಿಶೀಲಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ನಮ್ಮಿಂದ ಸುಮಾರು 1.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಕಪ್ಪುರಂಧ್ರದ ತೂಕ ಸುಮಾರು 17 ಲಕ್ಷ ಸೂರ್ಯರಷ್ಟು. ಅಷ್ಟು ದೂರದಲ್ಲಿಯೂ ಒಂದು ಜ್ಯೋತಿರ್ವರ್ಷದಷ್ಟು ಸೂಕ್ಷ್ಮವಾದ ವಿವರಗಳು ಕಾಣಿಸಿದವು. ಕಪ್ಪುರಂಧ್ರವನ್ನು ಸುತ್ತುವರಿದ ಅನಿಲದ ತಟ್ಟೆ ಎಷ್ಟು ಸಾಂದ್ರವೆಂದರೆ ತನ್ನದೇ ಗುರುತ್ವಕ್ಕೆ ಸಿಕ್ಕಿ ಸಮತೋಲ ಕಳೆದುಕೊಳ್ಳುತ್ತದೆ. ಹಾಗೆ ಹುಟ್ಟಿದ ಏರುಪೇರುಗಳೇ ಒಂದನ್ನೊಂದು ಸೆಳೆದು ಸಂವೇಗವನ್ನು ಹೊರಕ್ಕೆ ಸಾಗಿಸುತ್ತವೆ. ಅನಿಲ ಒಳಕ್ಕೆ ಜಾರುತ್ತದೆ. ಇಲ್ಲಿ ದಂಡದ ನೆರವು ಬೇಕಿಲ್ಲ.

ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಅದರ ಜಮಾಖರ್ಚು. ಎಲೆಗೆ ಬಡಿಸಿದ್ದೆಲ್ಲ ಬಾಯಿಗೆ ಹೋಗುವುದಿಲ್ಲವೆಂಬುದು ವೈದ್ಯನಿಗೆ ಹೊಸತಲ್ಲ. ಆದರೆ ಇಲ್ಲಿ, ಇಷ್ಟೆಲ್ಲ ದಾಟಿ ಬಂದ ಅನಿಲದಲ್ಲಿ ಕಪ್ಪುರಂಧ್ರದ ಪಾಲಿಗೆ ಬರುವುದು ಶೇಕಡಾ 3ಕ್ಕಿಂತ ಕಡಿಮೆ! ಉಳಿದದ್ದು ಬಿಸಿ ಪ್ಲಾಸ್ಮಾ, ಪರಮಾಣು ಹಾಗೂ ಅಣುಗಳ ಪ್ರವಾಹಗಳಾಗಿ ಹೊರಗೆ ಚಿಮ್ಮುತ್ತದೆ. ಅದರಲ್ಲಿಯೂ ಬಹುಪಾಲಿಗೆ ಕೇಂದ್ರದ ಹಿಡಿತದಿಂದ ಬಿಡಿಸಿಕೊಳ್ಳುವಷ್ಟು ವೇಗವಿಲ್ಲ. ಅದು ಕಾರಂಜಿಯ ನೀರಿನಂತೆ ಮರಳಿ ಅದೇ ತಟ್ಟೆಗೆ ಬೀಳುತ್ತದೆ. ಅಲ್ಲಿಂದ ಇನ್ನೊಮ್ಮೆ ಒಳಹಾದಿ ಹಿಡಿಯುತ್ತದೆ.