ಕೋಟೆಯೊಳಗಿನ ಇನ್ನೊಂದು ಸಚಿವಾಲಯ

ಚೆನ್ನೈ: ಪ್ಯಾರಿಸ್ ಕಡೆಗೆ ಬಸ್ಸಿನಲ್ಲಿ ಓಡಾಡುವ ಇಲ್ಲಿನ ಕನ್ನಡಿಗರಿಗೆ ಸೇಂಟ್ ಜಾರ್ಜ್ ಕೋಟೆ ಹೊಸದೇನಲ್ಲ. ತಮಿಳುನಾಡು ಸರ್ಕಾರದ ಸಚಿವಾಲಯ ಅಲ್ಲಿದೆ ಎಂಬುದೂ ಎಲ್ಲರಿಗೆ ಗೊತ್ತು. ಆದರೆ ಅದೇ ಕೋಟೆಯೊಳಗೆ ಮುಖ್ಯಮಂತ್ರಿಗಳ ಆಜ್ಞೆಗೆ ಒಳಪಡದ ಇನ್ನೊಂದು ಸಚಿವಾಲಯವೂ ಇದೆ ಎಂಬುದನ್ನು ಬಲ್ಲವರು ಕಡಿಮೆ. ಅದು ವಿಧಾನಸಭೆಯ ಸಚಿವಾಲಯ. ಅದರ ಯಜಮಾನರು ಸಭಾಧ್ಯಕ್ಷರು, ಅಂದರೆ ಸ್ಪೀಕರ್.

ಸದನದಲ್ಲಿ 234 ಸದಸ್ಯರು ಮಾತನಾಡುವುದಷ್ಟೇ ಹೊರಗಿನವರಿಗೆ ಕಾಣುತ್ತದೆ. ಅದರ ಹಿಂದೆ ದೊಡ್ಡ ಕಚೇರಿಯೇ ದುಡಿಯುತ್ತದೆ. ಸದಸ್ಯರ ಪ್ರಶ್ನೆಗಳನ್ನು ನಿಯಮದಂತೆ ಪರಿಶೀಲಿಸುವುದು, ದಿನದ ಕಾರ್ಯಕಲಾಪ ಪಟ್ಟಿ ಸಿದ್ಧಪಡಿಸುವುದು, ಆಡಿದ ಮಾತನ್ನು ಅಕ್ಷರಶಃ ಬರೆದಿಡುವುದು, ಸಮಿತಿಗಳಿಗೆ ಕಡತ ಒದಗಿಸುವುದು, ಗ್ರಂಥಾಲಯ, ಸದಸ್ಯರ ಸಂಬಳ ಮತ್ತು ಭತ್ಯೆಯ ಲೆಕ್ಕ, ಕಾವಲು ಇವೆಲ್ಲವೂ ಈ ಕಚೇರಿಯ ಕೆಲಸ. ಸ್ಪೀಕರ್ ಅವರ ಕೈಕೆಳಗೆ ಕಾರ್ಯದರ್ಶಿಗಳು ಇದನ್ನು ನಡೆಸುತ್ತಾರೆ.

ಇದಕ್ಕೆ ಪ್ರತ್ಯೇಕ ಕಚೇರಿ ಏಕೆ ಬೇಕು? ನಮ್ಮ ಸಂಘಗಳ ಉದಾಹರಣೆಯನ್ನೇ ನೋಡಬಹುದು. ಲೆಕ್ಕ ತಪಾಸಣೆಗೆ ಬಂದವರು ಖಜಾಂಚಿಯ ನೌಕರರೇ ಆಗಿದ್ದರೆ ಸರ್ವಸದಸ್ಯರ ಸಭೆ ಆ ವರದಿಯನ್ನು ನಂಬುವುದೇ? ಸರ್ಕಾರದ ಖರ್ಚನ್ನು ಕೆದಕುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ನೆರವಾಗುವ ಗುಮಾಸ್ತರ ಬಡ್ತಿ, ವರ್ಗಾವಣೆಗಳು ಅದೇ ಸರ್ಕಾರದ ಕೈಯಲ್ಲಿದ್ದರೆ ಪ್ರಶ್ನೆ ಮೊನಚು ಕಳೆದುಕೊಳ್ಳುತ್ತದೆ.

ಪಟೇಲರ ಹೋರಾಟ

ಬ್ರಿಟಿಷರ ಕಾಲದಲ್ಲಿ ಪರಿಸ್ಥಿತಿ ಹೀಗೆಯೇ ಇತ್ತು. ದೆಹಲಿಯ ಕೇಂದ್ರ ಶಾಸನಸಭೆಯ ಸಿಬ್ಬಂದಿ ಸರ್ಕಾರದ ಇಲಾಖೆಗೇ ಸೇರಿದ್ದರು. 1925ರಲ್ಲಿ ಆ ಸಭೆಗೆ ಚುನಾಯಿತರಾದ ಮೊದಲ ಭಾರತೀಯ ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ಇದನ್ನು ಒಪ್ಪಲಿಲ್ಲ. 1928ರ ಸೆಪ್ಟೆಂಬರಿನಲ್ಲಿ ಮೋತಿಲಾಲ್ ನೆಹರೂ ಅವರು ಮಂಡಿಸಿದ ನಿರ್ಣಯವನ್ನು ಸಭೆ ಅಂಗೀಕರಿಸಿತು. 1929ರ ಜನವರಿ 10ರಂದು ಪ್ರತ್ಯೇಕ ಇಲಾಖೆ ಹುಟ್ಟಿತು. ಹೆಸರಿಗೆ ಅದು ಗವರ್ನರ್ ಜನರಲ್ ಅವರ ಖಾತೆಯಲ್ಲಿದ್ದರೂ ನಡೆಸುವವರು ಸಭೆಯ ಅಧ್ಯಕ್ಷರೇ ಆದರು. ಇಂದಿನ ಲೋಕಸಭಾ ಸಚಿವಾಲಯದ ಬೇರು ಅದು.

ಸ್ವತಂತ್ರ ಭಾರತದ ಸಂವಿಧಾನ ಈ ಏರ್ಪಾಡಿಗೆ ಭದ್ರತೆ ಕೊಟ್ಟಿತು. ಸಂಸತ್ತಿನ ಸದನಗಳಿಗೆ 98ನೇ ವಿಧಿ, ರಾಜ್ಯಗಳಿಗೆ 187ನೇ ವಿಧಿ ಪ್ರತ್ಯೇಕ ಸಿಬ್ಬಂದಿ ಇರಬೇಕೆಂದು ಹೇಳುತ್ತವೆ. ನೇಮಕಾತಿ ಮತ್ತು ಸೇವಾ ಷರತ್ತುಗಳಿಗೆ ಶಾಸನಸಭೆ ಕಾನೂನು ಮಾಡಬಹುದು. ಮಾಡುವವರೆಗೆ ರಾಜ್ಯಪಾಲರು ಸ್ಪೀಕರ್ ಅವರೊಡನೆ ಸಮಾಲೋಚಿಸಿ ನಿಯಮ ರಚಿಸಬಹುದು.

ಹಣದ ವಿಚಾರದಲ್ಲೂ ಎಚ್ಚರಿಕೆ ಇದೆ. ಸ್ಪೀಕರ್ ಮತ್ತು ಡೆಪ್ಯುಟಿ ಸ್ಪೀಕರ್ ಅವರ ಸಂಬಳ, ಭತ್ಯೆಗಳು ರಾಜ್ಯದ ಸಂಚಿತ ನಿಧಿಯಿಂದ ನೇರವಾಗಿ ಸಲ್ಲುತ್ತವೆ. ಅವನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ವಿಧಾನಸಭೆ ವಿಸರ್ಜನೆಯಾದರೂ ಸ್ಪೀಕರ್ ಕುರ್ಚಿ ತೆರವಾಗುವುದಿಲ್ಲ. ಹೊಸ ಸಭೆಯ ಮೊದಲ ಬೈಠಕ್ ಸೇರುವ ಮುಂಚಿನ ಗಳಿಗೆಯವರೆಗೂ ಅವರು ಮುಂದುವರಿಯುತ್ತಾರೆ. ಚುನಾವಣೆಯ ಗದ್ದಲದಲ್ಲೂ ಕಚೇರಿಗೆ ಯಜಮಾನರಿಲ್ಲದ ದಿನ ಬರಬಾರದು ಎಂಬುದೇ ಇದರ ಉದ್ದೇಶ.

ಸೂರು ಸರ್ಕಾರದ್ದು

ಹಾಗೆಂದು ಈ ಸ್ವಾತಂತ್ರ್ಯ ಪೂರ್ಣವೇನಲ್ಲ. ಸಿಬ್ಬಂದಿಯ ಖರ್ಚು ಸರ್ಕಾರ ಮಂಡಿಸುವ ಆಯವ್ಯಯದಲ್ಲೇ ಬೇಡಿಕೆಯಾಗಿ ಬರಬೇಕು. ಕಟ್ಟಡದ ಕಥೆಯನ್ನಂತೂ ಚೆನ್ನೈ ಜನರು ಕಣ್ಣಾರೆ ಕಂಡಿದ್ದಾರೆ. 2010ರಲ್ಲಿ ವಿಧಾನಸಭೆ ಓಮಂದೂರಾರ್ ಎಸ್ಟೇಟಿನ ಹೊಸ ಕಟ್ಟಡಕ್ಕೆ ಹೋಯಿತು. 2011ರಲ್ಲಿ ಸರ್ಕಾರ ಬದಲಾಯಿತು, ಸದನವೂ ಕೋಟೆಗೆ ಮರಳಿತು. ಆ ಹೊಸ ಕಟ್ಟಡ 2014ರಲ್ಲಿ ಆಸ್ಪತ್ರೆಯಾಯಿತು. ಸದನದ ಕಲಾಪ ಸ್ಪೀಕರ್ ಅವರ ಕೈಯಲ್ಲಿದ್ದರೂ ಅದರ ಸೂರು ಸರ್ಕಾರದ ತೀರ್ಮಾನಕ್ಕೆ ಬಿಟ್ಟದ್ದು ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಈ ಸಭೆಯ ಇತಿಹಾಸದಲ್ಲಿ ಕನ್ನಡಿಗರ ಪಾಲೂ ಇದೆ. 1952ರ ಚುನಾವಣೆಯ ವೇಳೆಗೆ ಮದರಾಸು ವಿಧಾನಸಭೆಯಲ್ಲಿ 375 ಸ್ಥಾನಗಳಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲದ ಪ್ರತಿನಿಧಿಗಳೂ ಅಲ್ಲಿ ಕೂರುತ್ತಿದ್ದರು. ಬಳ್ಳಾರಿ 1953ರಲ್ಲಿ, ಉಳಿದವು 1956ರಲ್ಲಿ ಮೈಸೂರಿಗೆ ಸೇರಿದವು. ಅದೇ 1952ರಲ್ಲಿ ಮದರಾಸು ರಾಜ್ಯದಿಂದ ರಾಜ್ಯಸಭೆಗೆ ಹೋದ ಕಾರ್ಕಳ ತಾಲೂಕು ಕೌಡೂರಿನ ಕೆ.ಎಸ್. ಹೆಗ್ಡೆಯವರು ಮುಂದೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರಾದರು. 1977ರಿಂದ 1980ರವರೆಗೆ ಲೋಕಸಭೆಯ ಸ್ಪೀಕರ್ ಆಗಿ, ಪಟೇಲರು ಕಟ್ಟಿದ ಅದೇ ಸಚಿವಾಲಯದ ಮುಖ್ಯಸ್ಥರಾಗಿದ್ದರು. 1993ರಿಂದ 1997ರವರೆಗೆ ರಾಜ್ಯಸಭೆಯ ಮಹಾಕಾರ್ಯದರ್ಶಿಯಾಗಿದ್ದ ವಿ.ಎಸ್. ರಮಾದೇವಿ ಆ ಹುದ್ದೆಗೇರಿದ ಮೊದಲ ಮಹಿಳೆ. ನಂತರ ಅವರು ಕರ್ನಾಟಕದ ರಾಜ್ಯಪಾಲರಾಗಿ ಬಂದದ್ದನ್ನು ಹಿರಿಯರು ಮರೆತಿರಲಾರರು.

ಸದನದ ಜಗಳ ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಆ ಜಗಳದ ಪ್ರತಿ ಮಾತನ್ನೂ ಯಾರ ಮುಲಾಜಿಗೂ ಒಳಗಾಗದೆ ಬರೆದಿಡುವ ಗುಮಾಸ್ತರ ಹೆಸರು ಎಲ್ಲೂ ಬರುವುದಿಲ್ಲ. ಆದರೂ ಆಳುವವರನ್ನು ಪ್ರಶ್ನಿಸುವ ಹಕ್ಕು ಉಳಿದಿರುವುದರಲ್ಲಿ ಆ ಲೇಖನಿಯ ಪಾಲು ಸಣ್ಣದಲ್ಲ.