ಚ್‌ರೂಟ್: ಬೇರು ಬದಲಿಸುವ ಆಜ್ಞೆ

ಲಿನಕ್ಸ್ ಕಂಪ್ಯೂಟರಿನಲ್ಲಿ ಎಲ್ಲ ಫೈಲುಗಳೂ ಒಂದೇ ಬೇರಿನಿಂದ ಕವಲೊಡೆಯುತ್ತವೆ. ಆ ಬೇರಿನ ಹೆಸರು ರೂಟ್. ಬರೆಯುವಾಗ ಒಂದು ಓರೆಗೆರೆ ಹಾಕಿದರೆ ಸಾಕು. ಒಂದು ಪ್ರೋಗ್ರಾಮಿನ ಪಾಲಿಗೆ ಈ ಬೇರನ್ನೇ ಬದಲಿಸಿಬಿಡುವ ಆಜ್ಞೆ ‘ಚ್‌ರೂಟ್’, ಅಂದರೆ ಚೇಂಜ್ ರೂಟ್. ಡಿಸ್ಕಿನ ಯಾವುದೋ ಫೋಲ್ಡರನ್ನು ತೋರಿಸಿ ಇದೇ ಬೇರು ಎಂದು ಹೇಳಿದರೆ, ಆ ಪ್ರೋಗ್ರಾಮಿಗೂ ಅದು ಹುಟ್ಟುಹಾಕುವ ಪ್ರೋಗ್ರಾಮುಗಳಿಗೂ ಫೋಲ್ಡರಿನಾಚೆಯ ಫೈಲುಗಳು ಕಾಣುವುದಿಲ್ಲ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲೇ ಈ ಸೌಲಭ್ಯವಿತ್ತು.

ಇದರ ಉಪಯೋಗ ಚೆನ್ನಾಗಿ ಅರ್ಥವಾಗುವುದು ಕೆಟ್ಟುಹೋದ ಕಂಪ್ಯೂಟರಿನ ಮುಂದೆ ಕುಳಿತಾಗ. ಬೂಟ್‌ಲೋಡರ್ ಹಾಳಾಗಿ ಲಿನಕ್ಸ್ ಶುರುವಾಗುತ್ತಿಲ್ಲ, ಆದರೆ ಡಿಸ್ಕಿನಲ್ಲಿರುವ ಫೈಲುಗಳೆಲ್ಲ ಸರಿಯಾಗಿವೆ. ಪೆನ್‌ಡ್ರೈವ್‌ನಿಂದ ಬೇರೊಂದು ಲಿನಕ್ಸ್ ಶುರುಮಾಡಿ, ಹಳೆಯ ಡಿಸ್ಕನ್ನು ಒಂದು ಫೋಲ್ಡರಿಗೆ ಮೌಂಟ್ ಮಾಡಿ (ಅಂದರೆ ಜೋಡಿಸಿ), ಅದರೊಳಕ್ಕೆ ಚ್‌ರೂಟ್ ಆದರೆ, ಮುಂದಿನ ಆಜ್ಞೆಗಳೆಲ್ಲ ಆ ಹಳೆಯ ವ್ಯವಸ್ಥೆಯ ಒಳಗಿನಿಂದಲೇ ನಡೆಯುತ್ತವೆ. ಅದರದೇ ಸಲಕರಣೆಗಳಿಂದ ಅದನ್ನೇ ರಿಪೇರಿ ಮಾಡಬಹುದು. ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಕಟ್ಟುವವರಿಗೂ ಇದು ಬೇಕು. ಕೆಲಸ ಮಾಡುವವರ ಕಂಪ್ಯೂಟರಿನಲ್ಲಿ ಹಿಂದೆಂದೋ ಹಾಕಿದ ಲೈಬ್ರರಿಗಳು ಉಳಿದಿರುತ್ತವೆ. ಪ್ಯಾಕೇಜಿಗೆ ಬೇಕಾದವುಗಳ ಪಟ್ಟಿಯಲ್ಲಿ ಏನನ್ನು ಬರೆಯಲು ಮರೆತಿದ್ದೇವೆಂದು ಅಲ್ಲಿ ತಿಳಿಯುವುದಿಲ್ಲ. ಡೆಬಿಯನ್‌ನಲ್ಲಿ ‘ಡೆಬೂಟ್‌ಸ್ಟ್ರ್ಯಾಪ್’ ಎಂಬ ಸಲಕರಣೆ ಖಾಲಿ ಫೋಲ್ಡರಿನಲ್ಲಿ ಕನಿಷ್ಠ ಲಿನಕ್ಸನ್ನು ಹೊಸದಾಗಿ ಹಾಕಿಕೊಡುತ್ತದೆ. ಆ ಬರಿಮನೆಯಲ್ಲಿ ಕಟ್ಟಿದಾಗ ಕೊರತೆ ಕೂಡಲೇ ಬಯಲಾಗುತ್ತದೆ.

ಒಳಗೆ ಹೋಗುವ ಮೊದಲು ಅಲ್ಲಿ ಬೇಕಾದದ್ದೆಲ್ಲ ಇರಬೇಕು. ಖಾಲಿ ಫೋಲ್ಡರಿಗೆ, ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್ ಶೆಲ್ಲನ್ನಷ್ಟೇ ನಕಲು ಮಾಡಿ ಚ್‌ರೂಟ್ ಮಾಡಿದರೆ ‘ಅಂಥ ಫೈಲು ಇಲ್ಲ’ ಎಂಬ ದೂರು ಬರುತ್ತದೆ. ಫೈಲು ಕಣ್ಣೆದುರಿಗೇ ಇರುತ್ತದೆ! ಇಲ್ಲದಿರುವುದು ಬ್ಯಾಶ್ ಅಲ್ಲ, ಅದನ್ನು ಮೆಮೊರಿಗೆ ಎತ್ತಿಕೊಡುವ ಲೋಡರ್ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳು. ಹೊಸಬರನ್ನು ಗಂಟೆಗಟ್ಟಲೆ ಕಾಡುವ ಸಂದೇಶ ಇದು. ಇದಲ್ಲದೆ ಪ್ರಾಕ್, ಸಿಸ್, ಡೆವ್ ಎಂಬ ಮೂರು ಫೋಲ್ಡರುಗಳನ್ನು ಹೊರಗಿನಿಂದ ಒಳಕ್ಕೆ ಮೌಂಟ್ ಮಾಡಬೇಕು. ಅವಿಲ್ಲದಿದ್ದರೆ ಒಳಗಿನ ಪ್ರೋಗ್ರಾಮುಗಳಿಗೆ ಡಿಸ್ಕು ಯಾವುದು, ಯಂತ್ರ ಯಾವುದು ಎಂಬುದೇ ತಿಳಿಯದು.

ಇಷ್ಟನ್ನೂ ಕೈಯಾರೆ ಟೈಪ್ ಮಾಡುವಾಗ ತೊಂದರೆ ಕಡಿಮೆ. ಇವನ್ನೇ ತಾನಾಗಿ ನಡೆಸುವ ಸ್ಕ್ರಿಪ್ಟ್ ಬರೆಯಲು ಹೊರಟಾಗ ಒಂದು ತಪ್ಪು ಬಹಳ ಸಲ ಆಗುತ್ತದೆ. ಒಂದು ಸಾಲಿನಲ್ಲಿ ಚ್‌ರೂಟ್ ಆಜ್ಞೆ, ಅದರ ಕೆಳಗಿನ ಸಾಲುಗಳಲ್ಲಿ ಒಳಗೆ ನಡೆಯಬೇಕಾದ ಆಜ್ಞೆಗಳು. ಬರೆದವರ ಲೆಕ್ಕ ಇಷ್ಟೇ. ಓಡಿಸಿದರೆ ಪರದೆಯ ಮೇಲೆ ಹೊಸದೊಂದು ಪ್ರಾಂಪ್ಟ್ ಮೂಡಿ ಸ್ಕ್ರಿಪ್ಟ್ ನಿಂತುಬಿಡುತ್ತದೆ. ಏಕೆಂದರೆ ಚ್‌ರೂಟ್ ಒಳಗೆ ಹೊಸ ಶೆಲ್ ತೆರೆದು, ಯಾರಾದರೂ ಟೈಪ್ ಮಾಡಲೆಂದು ಕಾಯುತ್ತಿರುತ್ತದೆ. ಗಾಬರಿಯಿಂದ ‘ಎಕ್ಸಿಟ್’ ಎಂದು ಒತ್ತಿದ ಕ್ಷಣ ಉಳಿದ ಸಾಲುಗಳು ಓಡುತ್ತವೆ, ಆದರೆ ಹೊರಗಡೆ! ಹೊಸ ವ್ಯವಸ್ಥೆಗೆ ಹೆಸರಿಡಬೇಕಿದ್ದ ಸಾಲು ಓಡುತ್ತಿರುವ ಕಂಪ್ಯೂಟರಿನ ಹೆಸರನ್ನೇ ಬದಲಿಸುತ್ತದೆ. ಅಳಿಸುವ ಸಾಲಿದ್ದರೆ ಗತಿ ಇನ್ನೂ ಕೆಟ್ಟದು.

ಆಜ್ಞೆಗಳನ್ನು ಒಳಗಿನ ಶೆಲ್ಲಿನ ಕೈಗೇ ಕೊಡುವುದು ಸರಿಯಾದ ದಾರಿ. ಒಂದೆರಡಿದ್ದರೆ ಬ್ಯಾಶ್‌ಗೆ ‘ಮೈನಸ್ ಸಿ’ ಹಚ್ಚಿ ಉದ್ಧರಣೆಯೊಳಗೆ ಬರೆಯಬಹುದು. ಹತ್ತಾರಿದ್ದರೆ ಎರಡು ಗುರುತುಪದಗಳ ನಡುವೆ ಇಡಿಯಾಗಿ ಬರೆದು ಒಳಕ್ಕೆ ಕಳಿಸುವ ‘ಹಿಯರ್ ಡಾಕ್ಯುಮೆಂಟ್’ ಇದೆ. ಇದರಲ್ಲಿ ಮೊದಲ ಗುರುತುಪದಕ್ಕೆ ಉದ್ಧರಣ ಚಿಹ್ನೆ ಹಾಕದಿದ್ದರೆ, ಡಾಲರ್ ಗುರುತಿನ ವೇರಿಯಬಲ್‌ಗಳಿಗೆ ಹೊರಗಿನ ಬೆಲೆಗಳೇ ತುಂಬಿಕೊಂಡು ಒಳಗೆ ಹೋಗುತ್ತವೆ. ಕೆಲಸ ದೊಡ್ಡದಾದರೆ ಬೇರೊಂದು ಸ್ಕ್ರಿಪ್ಟ್ ಫೈಲನ್ನೇ ಒಳಗೆ ನಕಲು ಮಾಡಿ, ಅದನ್ನು ಚ್‌ರೂಟ್ ಮೂಲಕ ಕರೆಯುವುದು ಎಲ್ಲಕ್ಕಿಂತ ಮೇಲು. ಯಾವ ಸಾಲು ಎಲ್ಲಿ ಓಡುತ್ತದೆಂಬ ಅನುಮಾನವೇ ಉಳಿಯುವುದಿಲ್ಲ.

ಮುಗಿದ ಮೇಲೆ ಮೌಂಟ್ ಮಾಡಿದ್ದನ್ನೆಲ್ಲ ಅನ್‌ಮೌಂಟ್ ಮಾಡಬೇಕು. ಡೆವ್ ಇನ್ನೂ ಒಳಗೆ ಕೂತಿರುವಾಗ ಫೋಲ್ಡರನ್ನು ಅಳಿಸಿದರೆ, ಅಳಿಯುವುದು ಹೊರಗಿನ ನಿಜವಾದ ಡೆವ್. ಸ್ಕ್ರಿಪ್ಟ್ ನಡುವೆ ಕೆಟ್ಟು ನಿಂತರೂ ಅನ್‌ಮೌಂಟ್ ಆಗುವಂತೆ ಮೊದಲಿಗೇ ‘ಟ್ರ್ಯಾಪ್’ ಬರೆದಿಡುವುದು ಜಾಣತನ.

ಚ್‌ರೂಟ್ ಮರೆಮಾಡುವುದು ಫೈಲುಗಳನ್ನಷ್ಟೇ. ವ್ಯವಸ್ಥೆಯ ತಿರುಳಾದ ಕರ್ನಲ್ ಅದೇ, ನೆಟ್‌ವರ್ಕ್ ಅದೇ. ರೂಟ್ (ಇಲ್ಲಿ ಬೇರಲ್ಲ, ಎಲ್ಲ ಅಧಿಕಾರವೂ ಇರುವ ಬಳಕೆದಾರ) ಅಧಿಕಾರವಿರುವ ಪ್ರೋಗ್ರಾಮು ಈ ಆವರಣದಿಂದ ಹೊರಬರುವ ದಾರಿಗಳಿವೆ. ಈ ಕೊರತೆಯನ್ನು ತುಂಬಲೆಂದೇ 2000ದಲ್ಲಿ ಫ್ರೀಬಿಎಸ್‌ಡಿಗೆ ‘ಜೈಲ್’ ಬಂತು. ಲಿನಕ್ಸ್‌ಗೆ ನೇಮ್‌ಸ್ಪೇಸ್‌ಗಳು (ಪ್ರೋಗ್ರಾಮುಗಳನ್ನು ಪರಸ್ಪರ ಬೇರ್ಪಡಿಸುವ ಸೌಲಭ್ಯಗಳು) ಒಂದೊಂದಾಗಿ ಸೇರಿದವು. ಅವುಗಳ ಮೇಲೆ 2013ರಲ್ಲಿ, ಪ್ರೋಗ್ರಾಮುಗಳನ್ನು ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್ ಬಂತು. ರಿಪೇರಿಗೆ, ಪ್ಯಾಕೇಜ್ ಕಟ್ಟಲು ಚ್‌ರೂಟ್ ಇಂದಿಗೂ ಸಾಕು. ಆದರೆ ಎಲ್ಲಿಂದಲೋ ಬಂದ, ನಂಬಿಕೆಯಿಲ್ಲದ ಸ್ಕ್ರಿಪ್ಟನ್ನು ರೂಟ್ ಅಧಿಕಾರದಲ್ಲಿ ಅದರೊಳಗೆ ಓಡಿಸಬಾರದು. ಅಂಥದ್ದಕ್ಕೆ ಪ್ರತ್ಯೇಕ ವರ್ಚುವಲ್ ಮಷೀನನ್ನೇ ಬಳಸಬೇಕು.