ಶುಲ್ಕವಿಲ್ಲದ ಓದಿಗೂ ಮೊದಲೇ ಬೇಕಾಗುವ ಹಣ

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳಿಂದಲೂ ಬೋಧನಾ ಶುಲ್ಕ ಪಡೆಯುವುದಿಲ್ಲ ಎಂಬ ಮಾತು ನಿಜವಾದರೂ, ಅದನ್ನಷ್ಟೇ ನಂಬಿ ಸಿದ್ಧತೆ ನಡೆಸುವ ಕುಟುಂಬ ಪ್ರವೇಶಪತ್ರ ಕೈಸೇರಿದ ಮೇಲೆ ಹಣಕ್ಕಾಗಿ ಪರದಾಡಬೇಕಾಗುತ್ತದೆ. ಒಂದು ವರ್ಷದ ಜೀವನವೆಚ್ಚವನ್ನು ಹೊರಡುವ ಮುನ್ನವೇ ಇಡಿಗಂಟಾಗಿ ಹೊಂದಿಸಬೇಕಾಗುವುದೇ ಇದಕ್ಕೆ ಕಾರಣ.

ವೀಸಾ ಕೋರುವ ವಿದ್ಯಾರ್ಥಿ ತನ್ನ ಖರ್ಚನ್ನು ತಾನೇ ಭರಿಸಬಲ್ಲನೆಂದು ತೋರಿಸಲು ಸಾಮಾನ್ಯವಾಗಿ ‘ಬ್ಲಾಕ್ಡ್ ಅಕೌಂಟ್’ ತೆರೆಯುತ್ತಾನೆ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದಂತೆ ಇದರಲ್ಲಿ 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕ ಹಣ ಇರಬೇಕು. ಅದು ವಿದ್ಯಾರ್ಥಿಯ ಸ್ವಂತ ಹಣವೇ ಆದರೂ ತಿಂಗಳಿಗೆ 992 ಯೂರೊಗಿಂತ ಹೆಚ್ಚು ತೆಗೆಯುವಂತಿಲ್ಲ. ಶುಲ್ಕವಿಲ್ಲವೆಂಬ ನಿಯಮಕ್ಕೂ ಅಪವಾದಗಳಿವೆ: ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದ್ದರೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಕೋರ್ಸಿಗೆ ತಕ್ಕಂತೆ 2,000ದಿಂದ 6,000 ಯೂರೊವರೆಗೆ ಶುಲ್ಕ ವಿಧಿಸಿದೆ.

ಈ ಮೊತ್ತಕ್ಕೆ ಸಾಲ ಮಾಡುವವರು ಗಮನಿಸಬೇಕಾದ ಸಂಗತಿಯೆಂದರೆ, ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಆಸ್ತಿಯ ಭದ್ರತೆಯಿಲ್ಲದೆ ಸಿಗುವ ಮೊತ್ತ ಏಳೂವರೆ ಲಕ್ಷಕ್ಕೆ ಸೀಮಿತವಾಗಿದ್ದು, ಬ್ಲಾಕ್ಡ್ ಅಕೌಂಟಿನ ಹಣವೊಂದೇ ಅದನ್ನು ಮೀರುತ್ತದೆ. ಕೆಲವು ಬ್ಯಾಂಕುಗಳು ಹೆಸರಾಂತ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಇದಕ್ಕಿಂತ ಹೆಚ್ಚು ಕೊಡುವುದುಂಟು. ಉಳಿದಂತೆ ಮನೆಯನ್ನೋ ನಿವೇಶನವನ್ನೋ ಅಡವಿಡಬೇಕು. ಕೃಷಿಭೂಮಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲವಾದ್ದರಿಂದ ಹೊಲವನ್ನೇ ಆಸ್ತಿಯೆಂದು ನೆಚ್ಚಿದ ಕರ್ನಾಟಕದ ರೈತ ಕುಟುಂಬಗಳಿಗೆ ಇದು ದೊಡ್ಡ ತೊಡಕಾಗಿದೆ, ಮತ್ತು ಈ ಅನ್ಯಾಯದ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ. ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ಸರಿಪಡಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಆ ಕೆಲಸ ಪ್ರವೇಶದ ಅರ್ಜಿಗಿಂತ ಮೊದಲೇ ಆರಂಭವಾಗಬೇಕು. ಅಂಕಪಟ್ಟಿಗಳ ನೈಜತೆಯನ್ನು ಪರಿಶೀಲಿಸಿ ಕೊಡುವ, 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯವಾಗಿರುವ ಎಪಿಎಸ್ ಪ್ರಮಾಣಪತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಅದನ್ನು ಆಗಿಂದಾಗ್ಗೆ ತೀರಿಸಬಲ್ಲವರಿಗೆ ಮುಂದಿನ ಹೊರೆ ಗಮನಾರ್ಹವಾಗಿ ತಗ್ಗುತ್ತದೆ.

ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅಲ್ಲಿನ ಕಾನೂನು ಅವಕಾಶ ನೀಡಿದೆಯಾದರೂ, ಭಾಷೆ ಬಾರದ ಹೊಸಬರಿಗೆ ಕೆಲಸ ಸಿಗುವುದು ತಡವಾಗಬಹುದಾದ್ದರಿಂದ ಮೊದಲ ಸೆಮಿಸ್ಟರಿನ ಲೆಕ್ಕಕ್ಕೆ ಆ ಗಳಿಕೆಯನ್ನು ಸೇರಿಸದಿರುವುದೇ ಕ್ಷೇಮ. ಮನೆ ಹಿಡಿಯುವಾಗ ಮಾಲೀಕರು ಮೂರು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳಬಹುದಾದ ಕಾರಣ, ತಿಂಗಳ ಮಿತಿಯುಳ್ಳ ಬ್ಲಾಕ್ಡ್ ಅಕೌಂಟಿನ ಹೊರಗೆ ಅದಕ್ಕಾಗಿಯೇ ಬೇರೆ ಹಣವನ್ನು ಕಾದಿರಿಸಬೇಕಾಗುತ್ತದೆ.